ನಾಲ್ಕು ಅಡಿ ಹುರಿ

ಅನುಸೂಯಮ್ಮನಿಗೆ ಆ ಕಲ್ಲನ್ನು ಕಂಡರೆ ಮೊದಲಿನಿಂದಲೂ ಅಂಜಿಕೆ. ಮದುವೆಯಾಗಿ ಹೊಸಕೋಟೆಯಿಂದ ಈ ಊರಿಗೆ ಬಂದ ವಾರದಲ್ಲೇ ಅತ್ತೆ ಅಕ್ಕಯಮ್ಮ ಅಂಗಳದ ಬೇವಿನ ಮರದ ಪಕ್ಕದಲ್ಲಿದ್ದ ಚಪ್ಪಡಿಯನ್ನು ಕಾಲಿನಿಂದ ತಟ್ಟಿ ತೋರಿಸಿದ್ದರು.

‘ಇದರ ಕೆಳಗೆ ನಮ್ಮ ಹಗೇವು ಐತೆ ಕಣಮ್ಮ. ಹನ್ನೆರಡಡಿ ಆಳ. ನಿಮ್ಮ ಮಾವನ ತಮ್ಮ ಇದರಾಗೇ ಹೋದ್ದು.’

ಹಗೇವು ಎಂದರೆ ನೆಲದೊಳಗೆ ಹೂತಿಟ್ಟ ದೊಡ್ಡ ಮಡಕೆಯ ಹಾಗೆ. ಬಾಯಿ ಒಂದು ಆಳು ಕಷ್ಟದಿಂದ ತೂರುವಷ್ಟು, ಕತ್ತು ಐದಡಿ ಉದ್ದ, ಕೆಳಗೆ ಅಗಲವಾದ ಹೊಟ್ಟೆ. ಗಟ್ಟಿ ನೆಲದಲ್ಲಿ ತೋಡಿ, ಸುತ್ತ ಹುಲ್ಲು ಕೊಟ್ಟು, ರಾಗಿ ತುಂಬಿ ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಹತ್ತು ವರ್ಷವಾದರೂ ಹುಳ ಬೀಳುವುದಿಲ್ಲ. ಹುಳವೂ ಬದುಕದ ಗಾಳಿ ಅದು. ಅದಕ್ಕೆ ಬಣ್ಣವಿಲ್ಲ, ಹೊಗೆಯಿಲ್ಲ. ಊರಿನವರು ಅದನ್ನು ಕಾವು ಎನ್ನುತ್ತಿದ್ದರು. ಬಾಯಿ ತೆರೆದ ಕೂಡಲೇ ಇಳಿದವನು ಕೂಗಿಕೊಳ್ಳುವುದಿಲ್ಲ, ಒದ್ದಾಡುವುದೂ ಇಲ್ಲ. ಸುಸ್ತಾದವನ ಹಾಗೆ ರಾಗಿಯ ಮೇಲೆ ಕೂರುತ್ತಾನೆ, ಮತ್ತೆ ಏಳುವುದಿಲ್ಲ.

ಅದೆಲ್ಲ ಹತ್ತು ವರ್ಷದ ಹಿಂದೆ ಕೇಳಿದ್ದು. ಈಗ ಅನುಸೂಯಮ್ಮ ಗಂಡ ಗೋಪಾಲಪ್ಪನ ಜೊತೆ ಬೆಂಗಳೂರಿನಲ್ಲಿದ್ದಳು. ಅವನಿಗೆ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ. ಇಬ್ಬರು ಗಂಡುಮಕ್ಕಳು: ಒಂಬತ್ತು ವರ್ಷದ ಚನ್ನಕೇಶವ, ಆರು ವರ್ಷದ ಪಿಳ್ಳಣ್ಣ. ಬಾಡಿಗೆಗಿದ್ದ ಎರಡು ಕೋಣೆಗಳು ಆರೋಗ್ಯಮ್ಮ ಎಂಬ ಕ್ರೈಸ್ತ ವಿಧವೆಯ ಮನೆಯ ಹಿಂಭಾಗ. ಡಿಸೆಂಬರ್ ಬಂತೆಂದರೆ ಆ ಮನೆಯಲ್ಲಿ ಹುಡುಗರದೇ ರಾಜ್ಯ. ಹೊಸಿಲಿನ ಮೇಲೆ ಕಾಗದದ ನಕ್ಷತ್ರ ಏರುತ್ತಿತ್ತು. ಮುಂದಿನ ಕೋಣೆಯ ಮೂಲೆಯಲ್ಲಿ ಗೋಣಿತಾಟಿಗೆ ಮಣ್ಣು ಮೆತ್ತಿ ಗುಹೆ ಮಾಡಿ, ಅದರಲ್ಲಿ ಹುಲ್ಲು ಹಾಸಿ, ದನ, ಕುರಿ, ಕುರಿಗಾಹಿಗಳ ಗೊಂಬೆ ಜೋಡಿಸುತ್ತಿದ್ದರು. ಅದು ಯೇಸು ಹುಟ್ಟಿದ ಗೋದಲಿ. ಹುಲ್ಲಿನ ನಡುವೆ ಮಾತ್ರ ಜಾಗ ಖಾಲಿ. ಕೂಸಿನ ಗೊಂಬೆಯನ್ನು ಮಲಗಿಸುವುದು ಇಪ್ಪತ್ತೈದಕ್ಕೇ.

ಈ ಸಲ, ಅಂದರೆ ೧೯೬೭ರಲ್ಲಿ, ಹುಡುಗರಿಗೆ ಅದನ್ನು ನೋಡುವ ಯೋಗ ಇರಲಿಲ್ಲ. ಕ್ರಿಸ್‌ಮಸ್ ಸೋಮವಾರ ಬಿದ್ದಿತ್ತು. ಶುಕ್ರವಾರವೇ ಶಾಲೆಗೆ ರಜೆ ಸಿಕ್ಕಿತು. ಊರಿನಲ್ಲಿ ಒಕ್ಕಣೆ, ಕೈಸಾಲದು, ಸೊಸೆಯನ್ನು ಮಕ್ಕಳ ಜೊತೆ ಕಳಿಸು ಎಂದು ಮಾವ ದೊಡ್ಡಮುನಿಯಪ್ಪ ಹೇಳಿಕಳಿಸಿದ್ದರು. ಹೊರಡುವಾಗ ಪಿಳ್ಳಣ್ಣ ಆರೋಗ್ಯಮ್ಮನ ಸೀರೆ ಹಿಡಿದು ಅತ್ತೇ ಅತ್ತ.

‘ಅಳ್ಬೇಡ ಕಣ್ಣು,’ ಎಂದು ಆಕೆ ಒಳಗಿನಿಂದ ಒಂದು ಹಳೆಯ ಕೂಸಿನ ಗೊಂಬೆ ತಂದುಕೊಟ್ಟರು. ಅಂಗೈ ಉದ್ದದ್ದು, ಒಂದು ಕೈ ಮುರಿದಿತ್ತು. ಜೊತೆಗೆ ಎರಡು ಮೋಂಬತ್ತಿ. ‘ನಿಮ್ಮ ಊರಲ್ಲೇ ಗೋದಲಿ ಮಾಡಿ. ಹುಲ್ಲಿಗೇನು ಬರಗಾಲಾನಾ ಅಲ್ಲಿ? ಆದರೆ ಸೋಮವಾರಕ್ಕೆ ಮುಂಚೆ ಮಲಗಿಸ್ಬೇಡಿ, ಆಯ್ತಾ?’

ಗೋಪಾಲಪ್ಪನಿಗೆ ಶನಿವಾರವೂ ಕೆಲಸವಿತ್ತು. ಸಂಜೆಯ ಸೂಲಿಬೆಲೆ ಬಸ್ಸಿಗೆ ಬರುತ್ತೇನೆಂದು ಹೇಳಿ ಮೂವರನ್ನೂ ಹತ್ತಿಸಿ ಕಳಿಸಿದ.

ಶನಿವಾರ ಬೆಳಿಗ್ಗೆ ಅನುಸೂಯಮ್ಮ ಹಿತ್ತಲಿನಿಂದ ಬರುವಷ್ಟರಲ್ಲಿ ದೊಡ್ಡಮುನಿಯಪ್ಪನೂ ಅವರ ಆಳು ಸೊಣ್ಣಪ್ಪನೂ ಹಾರೆ ಹಾಕಿ ಚಪ್ಪಡಿಯನ್ನು ಪಕ್ಕಕ್ಕೆ ಸರಿಸಿದ್ದರು. ತಳದಲ್ಲಿ ನಾಲ್ಕು ವರ್ಷದ ಹಿಂದಿನ ರಾಗಿ ಎರಡು ಮೂರು ಅಡಿ ಉಳಿದಿತ್ತು. ಅದನ್ನು ತೆಗೆದು, ಹೊಸ ಹುಲ್ಲು ಕೊಟ್ಟು, ಈ ಸುಗ್ಗಿಯ ರಾಗಿ ತುಂಬಬೇಕು. ಹುಡುಗರಿಬ್ಬರೂ ಮೊಣಕಾಲೂರಿ ಆ ಕಪ್ಪು ಬಾಯಿಯೊಳಗೆ ಇಣುಕುತ್ತಿದ್ದರು. ಅವಳು ಓಡಿಬಂದಳು.

‘ಈಚೆ ಬನ್ರೋ! ಮಾವ, ಅವರನ್ನ ಯಾಕೆ ಹತ್ರ ಬಿಟ್ಕೊಂಡಿದೀರಿ?’

‘ನೋಡ್ಲಿ ಬಿಡು ತಾಯಿ. ಪಟ್ಣದ ಹುಡುಗ್ರು, ಅಕ್ಕಿ ಮರದಾಗೆ ಬಿಡ್ತದೆ ಅಂದ್ಕೊಂಡಿರ್ತವೆ,’ ಎಂದು ಮುದುಕ ನಕ್ಕರು. ಆಮೇಲೆ ಹುಡುಗರ ಕಡೆ ತಿರುಗಿದರು. ‘ಕೇಳ್ರಲಾ. ಇವತ್ತು ನಾಳೆ ಇದು ಉಸಿರು ಬಿಡಬೇಕು. ಸೋಮವಾರ ಲಾಟೀನು ಇಳಿಬಿಡ್ತೀವಿ. ದೀಪ ಉರಿದ್ರೆ ಮನುಷ್ಯ ಉಳೀತಾನೆ. ದೀಪ ಆರಿದ್ರೆ ಯಾವ ಧೀರನೂ ಇಳಿಯಾಂಗಿಲ್ಲ. ತಿಳೀತಾ?’

‘ತಿಳೀತು ತಾತ,’ ಎಂದ ಚನ್ನಕೇಶವ. ಶಾಲೆಯಲ್ಲಿ ಪಾಠ ಒಪ್ಪಿಸುವವನ ಹಾಗೆ ಮತ್ತೊಮ್ಮೆ ಹೇಳಿದ: ‘ದೀಪ ಉರಿದ್ರೆ ಮನುಷ್ಯ ಉಳೀತಾನೆ.’

ಬಾಯಿಗೆ ಎರಡು ಹಲಗೆ ಅಡ್ಡ ಇಟ್ಟು, ನಡುವೆ ಗಾಳಿ ಆಡಲು ನಾಲ್ಕು ಬೆರಳು ಸಂದು ಬಿಟ್ಟರು. ಹಲಗೆಯ ಮೇಲೆ ಒಂದು ಕಲ್ಲಿಡಿ ಎಂದು ಅನುಸೂಯಮ್ಮ ಕೇಳಿದಳು. ‘ಹಲಗೆ ಏನು ಹಾರೋಯ್ತದಾ?’ ಎಂದರು ಮಾವ. ಸೊಣ್ಣಪ್ಪ ಹುಲ್ಲು ತರಲು ಗಾಡಿ ಕಟ್ಟಿಕೊಂಡು ದೂರದ ಹೊಲಕ್ಕೆ ಹೊರಟ. ಮಾವ ಮನೆಯ ಹಿಂದಿನ ಕಣಕ್ಕೆ ಹೋದರು.

ಹುಡುಗರು ಗೋದಲಿಗೆ ಜಾಗ ಹುಡುಕತೊಡಗಿದರು. ಕೊಟ್ಟಿಗೆ ಬೇಡವೆಂದು ಚನ್ನಕೇಶವ. ಗುಹೆಯೇ ಬೇಕು, ಇಲ್ಲದಿದ್ದರೆ ಅದು ಸುಳ್ಳು ಗೋದಲಿ. ಬೇವಿನ ಬುಡದಲ್ಲಿ ಎರಡು ಕಲ್ಲು ನಿಲ್ಲಿಸಿ ಮೇಲೊಂದು ಹೆಂಚು ಇಟ್ಟರು. ಅವರ ಜಗಳ ಅಡುಗೆಮನೆಗೆ ಕೇಳಿಸುತ್ತಿತ್ತು. ಅತ್ತೆ ಸೊಸೆ ಎದುರುಬದುರು ಕೂತು, ನೆನೆದ ಅವರೆಕಾಳನ್ನು ಬೆರಳಿನಲ್ಲಿ ಒತ್ತಿ ಸಿಪ್ಪೆ ಬಿಡಿಸುತ್ತಿದ್ದರು. ಗೋಪಾಲಪ್ಪನಿಗೆ ಹಿತಕಿದ ಬೇಳೆ ಸಾರೆಂದರೆ ಪ್ರಾಣ.

ಎರಡು ಸೇರು ಕಾಳಿನಲ್ಲಿ ಅರ್ಧ ಮುಗಿದಿರಬೇಕು. ಅನುಸೂಯಮ್ಮನ ಬೆರಳು ತಾನಾಗಿ ನಿಂತಿತು. ಹೊರಗೆ ಸದ್ದಿಲ್ಲ.

‘ಚನ್ನಕೇಶವಾ!’

ಮತ್ತೊಮ್ಮೆ ಕೂಗಿದಳು.

‘ಕಣಕ್ಕೆ ಹೋಗಿರ್ತವೆ ಬಿಡು,’ ಎಂದರು ಅಕ್ಕಯಮ್ಮ. ಆದರೆ ಅವಳು ಆಗಲೇ ಎದ್ದಿದ್ದಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಅಂಗಳಕ್ಕೆ ಬಂದಳು.

ಹಲಗೆಗಳೆರಡೂ ಪಕ್ಕಕ್ಕೆ ಸರಿದಿದ್ದವು. ಪಿಳ್ಳಣ್ಣ ಹಗೇವಿನ ಬಾಯಿಯ ಪಕ್ಕದಲ್ಲಿ ಹೊಟ್ಟೆಯ ಮೇಲೆ ಮಲಗಿದ್ದ. ಬಾವಿಯ ಹಗ್ಗದ ಒಂದು ತುದಿ ಬೇವಿನ ಮರಕ್ಕೆ ಸುತ್ತಿತ್ತು, ಇನ್ನೊಂದು ಕತ್ತಲೆಯೊಳಗೆ ಇಳಿದಿತ್ತು. ನಡುವೆ ಅದನ್ನು ಅವನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಹಗ್ಗ ಸಡಿಲವಾಗಿತ್ತು.

‘ಅಣ್ಣ ಎಲ್ಲೋ?’

‘ಒಳಗೆ.’

‘ಏನು ಒಳಗೆ? ಯಾಕೋ?’

‘ಕೂಸು ಬಿದ್ದೋಯ್ತು. ನಾನು ಬೀಳಿಸ್ಲಿಲ್ಲ, ಅದೇ ಜಾರ್ತು. ಅಣ್ಣ ತರಕ್ಕೆ ಇಳಿದ.’ ಹುಡುಗ ಅವಳ ಮುಖ ನೋಡಿ ಗಾಬರಿಯಾದ. ‘ನಾನು ಹಗ್ಗ ಬಿಟ್ಟಿಲ್ಲಮ್ಮ. ಎರಡು ಸಲ ಎಳೆದ್ರೆ ಅಮ್ಮನ್ನ ಕರಿ ಅಂತ ಹೇಳಿದಾನೆ. ಅಣ್ಣ ಇನ್ನೂ ಎಳೆದಿಲ್ಲ.’

ಅನುಸೂಯಮ್ಮ ಬಾಯಿಗೆ ಮುಖವಿಟ್ಟು ಮಗನ ಹೆಸರು ಕೂಗಿದಳು. ಅವಳ ದನಿಯೇ ದಪ್ಪವಾಗಿ ತಿರುಗಿ ಬಂತು. ಬೆಚ್ಚನೆಯ, ಹುಳಿಬೆರೆತ ಗಾಳಿ ಮುಖಕ್ಕೆ ತಟ್ಟಿತು. ಕಣ್ಣಿಗೆ ಏನೂ ಕಾಣಲಿಲ್ಲ. ಹಗ್ಗ ಎಳೆದರೆ ಬರಿಯ ತುದಿ ಮೇಲೆ ಬಂತು. ಅವಳು ಸೀರೆಯನ್ನು ಮೇಲಕ್ಕೆತ್ತಿ ಬಲಗಾಲನ್ನು ಒಳಗೆ ಇಳಿಬಿಟ್ಟಳು. ಕತ್ತಿನ ಗೋಡೆಯಲ್ಲಿ ಹೆಜ್ಜೆಯಿಡಲು ಕೊರೆದ ಗುಳಿ ಕಾಲ್ಬೆರಳಿಗೆ ಸಿಕ್ಕಿತು.

ಅಷ್ಟರಲ್ಲಿ ಯಾರೋ ಅವಳ ಎರಡೂ ರಟ್ಟೆ ಹಿಡಿದು ಹಿಂದಕ್ಕೆಳೆದು ನೆಲಕ್ಕೆ ಒಗೆದರು. ಮಾವ. ಅವಳ ಕೂಗು ಕೇಳಿ ಕಣದಿಂದ ಓಡಿಬಂದಿದ್ದರು. ಹತ್ತು ವರ್ಷದಲ್ಲಿ ಅವರು ಸೊಸೆಯ ಕೈ ಮುಟ್ಟಿದ್ದು ಅದೇ ಮೊದಲು.

‘ಬಿಡಿ ಮಾವ! ನನ್ನ ಮಗ ಒಳಗವ್ನೆ!’

‘ಗೊತ್ತು! ಈಗಿಳಿದ್ರೆ ಎರಡು ಹೆಣ ಎತ್ಬೇಕಾಯ್ತದೆ. ಕೂತ್ಕೋ!’ ಅವರ ಮುಖ ಬೂದಿ ಬಳಿದಂತಾಗಿತ್ತು. ‘ಏಯ್, ಲಾಟೀನು ತಾ! ಕಂಬಳಿ ತಾ! ಪಾಪಮ್ಮಾ, ಹಗ್ಗ! ಯಾವುದಿದ್ರೆ ಅದು!’

ಅಕ್ಕಯಮ್ಮ ಮಂಡಿನೋವನ್ನೂ ಮರೆತು ಒಳಗೆ ಓಡಿದರು. ಪಕ್ಕದ ಮನೆಯ ಪಾಪಮ್ಮ ಬೇಲಿ ದಾಟಿ ಬಂದಳು. ಊರಿನ ಗಂಡಸರೆಲ್ಲ ಕಣಗಳಲ್ಲಿದ್ದರು, ಹೊಲಗಳಲ್ಲಿದ್ದರು. ಹತ್ತಿರವೆಂದರೆ ಹತ್ತಿರ, ಆದರೆ ಕರೆದು ತರುವಷ್ಟು ಹೊತ್ತು ಯಾರ ಹತ್ತಿರ ಇತ್ತು?

ದೊಡ್ಡಮುನಿಯಪ್ಪ ಹಚ್ಚಿದ ಲಾಟೀನನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟರು. ಕತ್ತು ದಾಟುವವರೆಗೆ ಬೆಳಕು ಇತ್ತು. ಹೊಟ್ಟೆಯೊಳಗೆ ಎರಡು ಅಡಿ ಹೋಗಿರಬೇಕು, ಯಾರೋ ಊದಿದ ಹಾಗೆ ಆರಿತು. ಆರುವ ಮುಂಚಿನ ಒಂದು ಕ್ಷಣದಲ್ಲಿ ಅನುಸೂಯಮ್ಮ ಕಂಡಳು: ರಾಗಿಯ ಮೇಲೆ ಮಗನ ನೀಲಿ ಚಡ್ಡಿ, ಮಡಿಸಿದ ಒಂದು ಕಾಲು. ಮಿಸುಕಾಟವಿಲ್ಲ.

ಅವಳು ಮತ್ತೆ ಎದ್ದಳು. ಪಾಪಮ್ಮ ಹಿಂದಿನಿಂದ ಅವಳ ಸೊಂಟಕ್ಕೆ ಎರಡೂ ಕೈ ಕಟ್ಟಿ ಹಿಡಿದಳು. ಪಾಪಮ್ಮ ರಾಗಿಮೂಟೆಯನ್ನು ಒಬ್ಬಳೇ ಎತ್ತುವ ಹೆಂಗಸು.

ಮಾವ ಕಂಬಳಿಯ ನಾಲ್ಕು ಮೂಲೆಯನ್ನೂ ಸೇರಿಸಿ ಹಗ್ಗಕ್ಕೆ ಬಿಗಿದು, ಒಳಗೆ ತಳ್ಳಿ, ಸರಸರನೆ ಮೇಲಕ್ಕೆ ಎಳೆದರು. ಮತ್ತೆ ಇಳಿಬಿಟ್ಟು ಮತ್ತೆ ಎಳೆದರು. ತಿದಿ ಒತ್ತಿದ ಹಾಗೆ ಬಿಸಿಗಾಳಿ ಬುಸ್ಸೆಂದು ಮೇಲೆ ಬರುತ್ತಿತ್ತು. ಅರವತ್ತಾರು ವರ್ಷದ ಮುದುಕ. ಹತ್ತು ಸಲ, ಹದಿನೈದು ಸಲ, ಇಪ್ಪತ್ತು ಸಲ. ಅನುಸೂಯಮ್ಮನಿಗೆ ಅವರ ಮೇಲೆ ಹೇಳತೀರದ ದ್ವೇಷ ಹುಟ್ಟಿತು. ಕೆಳಗೆ ಮಗು ಬಿದ್ದಿದೆ, ಇವರು ಕಂಬಳಿ ಒಗೆಯುತ್ತಿದ್ದಾರೆ.

‘ನೀರು ಸುರೀರಿ,’ ಎಂದರು ಅಕ್ಕಯಮ್ಮ ಇದ್ದಕ್ಕಿದ್ದಂತೆ. ‘ನೀರು ಬಿದ್ರೆ ಕಾವು ಏಳ್ತದೆ.’

‘ರಾಗಿ ನೆನೀತದಕ್ಕೋ,’ ಎಂದಳು ಪಾಪಮ್ಮ.

‘ಹಾಳಾಗೋಗ್ಲಿ ರಾಗಿ! ಸುರೀ!’

ಕಣಕ್ಕೆ ಬಿದ್ದ ಒಂದು ಕಾಳನ್ನೂ ಆರಿಸಿಕೊಳ್ಳುತ್ತಿದ್ದ ಆಕೆ ತಾನೇ ಕೊಡ ಬಗ್ಗಿಸಿದರು. ನಾಲ್ಕು ಕೊಡ ನೀರು ಬಿತ್ತು. ಆ ನೀರು ಹುಡುಗನ ಮೈಮೇಲೂ ಬಿದ್ದಿರಲೇಬೇಕು. ಅನುಸೂಯಮ್ಮ ಕಿವಿಗೊಟ್ಟು ಕಾದಳು. ತಣ್ಣೀರು ಸೋಕಿದರೆ ಮಲಗಿದ ಮಗು ಹಾ ಎನ್ನುತ್ತದೆ, ಕೈಕಾಲು ಒದರುತ್ತದೆ. ಕೆಳಗಿನಿಂದ ನೀರಿನ ಸದ್ದು ಬಿಟ್ಟು ಬೇರೆ ಸದ್ದು ಬರಲಿಲ್ಲ.

ಲಾಟೀನು ಎರಡನೆಯ ಸಲ ಇಳಿಯಿತು. ಎಂಟು ಅಡಿಗೆ ಜ್ವಾಲೆ ಕುಗ್ಗಿತು. ತಳ ಮುಟ್ಟುವಾಗ ಬತ್ತಿಯ ತುದಿಯಲ್ಲಿ ಹೆಸರುಕಾಳಿನಷ್ಟು ಉಳಿಯಿತು. ಆದರೆ ಆರಲಿಲ್ಲ.

‘ಇನ್ನೊಂದು ಇಪ್ಪತ್ತು ಸಲ ಕಂಬಳಿ ಆಡಿಸ್ತೀನಿ,’ ಎಂದರು ಮಾವ ಏದುಸಿರು ಬಿಡುತ್ತ.

‘ಇಲ್ಲ ಮಾವ. ನಾನು ಇಳೀತೀನಿ.’

ಅವರು ಬಾಯಿಯನ್ನು ನೋಡಿದರು, ತಮ್ಮ ಹೆಗಲನ್ನು ನೋಡಿಕೊಂಡರು. ಆ ಕತ್ತಿನಲ್ಲಿ ಅವರ ಹೆಗಲು ತೂರುವ ಕಾಲ ಎಂದೋ ಮುಗಿದಿತ್ತು. ಪಾಪಮ್ಮನ ಮಾತಂತೂ ಬೇಡ. ಅಕ್ಕಯಮ್ಮನ ಮಂಡಿ ಮಡಿಸುವುದೇ ಕಷ್ಟ.

‘ಹೆಂಗಸ್ರು ಹಗೇವು ಇಳೀಬಾರ್ದು ಕಣಕ್ಕ,’ ಎಂದಳು ಪಾಪಮ್ಮ ಮೆಲ್ಲಗೆ. ‘ಆ ಮನೇಲಿ ರಾಗಿ ಕೂಡಲ್ಲ ಅಂತಾರೆ.’

‘ಕೂಡ್ದಿದ್ರೆ ರೇಷನ್ ಅಂಗಡಿ ಕೆಂಪು ಜೋಳ ತಿಂತೀವಿ. ನೀನು ಹಗ್ಗ ಹಿಡಿಯೇ!’ ಎಂದರು ಅಕ್ಕಯಮ್ಮ.

ಅನುಸೂಯಮ್ಮ ಸೀರೆಯನ್ನು ಕಚ್ಚೆ ಕಟ್ಟಿದಳು. ಮಾವ ಅವಳ ಕಂಕುಳಿನ ಕೆಳಗೆ ಒಂದು ಹಗ್ಗ ಬಿಗಿದು ಎರಡು ಸಲ ಜಗ್ಗಿ ನೋಡಿದರು. ಇನ್ನೊಂದು ಹಗ್ಗದ ತುದಿಗೆ ಕುಣಿಕೆ ಹಾಕಿ ಅವಳ ಕೈಗೆ ಕೊಟ್ಟರು.

‘ಇದು ಎಳೆದಷ್ಟೂ ಬಿಗೀತದೆ. ಅವನ ಎರಡೂ ಕೈ ತೂರಿಸಿ ಕಂಕುಳಿಗೆ ತರಬೇಕು. ಕುತ್ತಿಗೆಗೆ ಬಿದ್ರೆ ನಾವೇ ಕೊಂದಂಗೆ. ಇಲ್ಲೇ ಮೇಲೇ ಉಸಿರು ತುಂಬ್ಕೋ. ಒಳಗೆ ಬಾಯಿ ಬಿಡ್ಬೇಡ. ಕಟ್ಟಿದ ಮೇಲೆ ಹಗ್ಗ ಎರಡು ಸಲ ಜಗ್ಗು. ನಾನು ಎಣಿಸ್ತಾ ಇರ್ತೀನಿ. ನಲವತ್ತಕ್ಕೆ ನಿನ್ನ ಮೇಲಕ್ಕೆ ಎಳೀತೀನಿ. ಮಗು ಸಿಕ್ಕಿದ್ರೂ ಸರಿ, ಸಿಗ್ದಿದ್ರೂ ಸರಿ.’

‘ಮಾವ...’

‘ಸಿಗ್ದಿದ್ರೂ ಸರಿ. ಇಳಿ.’

ಗುಳಿಗಳಲ್ಲಿ ಕಾಲಿಟ್ಟು ಐದಡಿ ಇಳಿಯುವವರೆಗೆ ಗೋಡೆ ಎರಡೂ ಕಡೆಯಿಂದ ಭುಜ ಉಜ್ಜುತ್ತಿತ್ತು. ಆಮೇಲೆ ಗೋಡೆಯೇ ಇರಲಿಲ್ಲ. ಅವಳು ಹಗ್ಗದಲ್ಲಿ ಜೋತುಬಿದ್ದಳು, ಮೇಲಿನವರು ಸಡಿಲಿಸಿದರು, ಪಾದ ಒದ್ದೆ ರಾಗಿಯಲ್ಲಿ ಹೂತಿತು.

‘ಹನ್ನೊಂದು... ಹನ್ನೆರಡು...’

ಮಾವನ ದನಿ ಎಲ್ಲೋ ದೂರದ ಬಾವಿಯಿಂದ ಬಂದಂತೆ ಕೇಳಿತು. ಅವಳ ನೆರಳೇ ಬೆಳಕಿಗೆ ಅಡ್ಡವಾಗಿತ್ತು. ಲಾಟೀನು ಪಕ್ಕಕ್ಕೆ ಒರಗಿ ಆರಿತ್ತು. ಮಂಡಿಯೂರಿ ಎರಡೂ ಕೈ ಚಾಚಿ ತಡಕಿದಳು. ರಾಗಿ, ಮತ್ತೂ ರಾಗಿ, ಗೋಡೆಯ ಕೊಳೆತ ಹುಲ್ಲು. ಹದಿನೆಂಟು. ಇಲ್ಲೇ ತಾನೇ ಕಂಡದ್ದು? ಇಳಿಯುವಾಗ ಹಗ್ಗ ತಿರುಗಿ ತಾನೂ ತಿರುಗಿಬಿಟ್ಟಿದ್ದೇನೆಂದು ಅವಳಿಗೆ ಹೊಳೆಯಿತು. ಹಿಂದಕ್ಕೆ ಹೊರಳಿದಳು. ಇಪ್ಪತ್ತೆರಡು. ಬೆರಳಿಗೆ ಒಂದು ಪಾದ ಸಿಕ್ಕಿತು. ಅದು ತಣ್ಣಗಿತ್ತು. ನೀರು ಬಿದ್ದದ್ದಕ್ಕೋ ಇನ್ನೇತಕ್ಕೋ ಯೋಚಿಸಲು ಅವಳು ನಿಲ್ಲಲಿಲ್ಲ.

ಪಾದದಿಂದ ಮಂಡಿ, ಮಂಡಿಯಿಂದ ಸೊಂಟ. ಎತ್ತಿ ಕೂರಿಸಿದರೆ ತಲೆ ಅವಳ ಹೆಗಲಿಗೆ ಬಿತ್ತು. ಕುಣಿಕೆಯೊಳಗೆ ಒಂದು ಕೈ ತೂರಿತು. ಇನ್ನೊಂದು ಕೈ ಕೂಸಿನ ಗೊಂಬೆಯನ್ನು ಹಿಡಿದು ಮುಷ್ಟಿ ಕಟ್ಟಿತ್ತು, ತೂರಲೊಲ್ಲದು. ಮೂವತ್ತೊಂದು. ಮುಷ್ಟಿಯನ್ನು ಬಿಡಿಸುವ ಬದಲು ಹಗ್ಗವನ್ನೇ ಅಗಲಿಸಿ ಮೊಣಕೈ ದಾಟಿಸಿದಳು. ಕಂಕುಳು. ಇದು ಕಂಕುಳು ತಾನೇ? ಕುತ್ತಿಗೆಯ ಸುತ್ತ ಬೆರಳಾಡಿಸಿ ನೋಡಿದಳು. ಮೂವತ್ತಾರು. ಎರಡು ಸಲ ಜಗ್ಗಿದಳು.

ಹುಡುಗನ ಮೈ ಅವಳ ತೋಳಿನಿಂದ ಮೇಲಕ್ಕೆ ಎದ್ದಿತು. ಕತ್ತಿನಲ್ಲಿ ಅದು ಸಿಕ್ಕಿದಾಗ ಬೆಳಕು ಪೂರಾ ಹೋಯಿತು. ಅವನ ಕಾಲುಗಳು ಅವಳ ತಲೆಗೆ ತಾಗುತ್ತ ತೂಗಾಡಿದವು. ಅವಳು ಕೆಳಗಿನಿಂದ ಅಂಗಾಲನ್ನು ಹಿಡಿದು ನೂಕಿದಳು. ನಲವತ್ತು ಎಂದು ಕೇಳಿತು, ನಲವತ್ತೊಂದು ಎಂದು ಕೇಳಿತು. ಆ ನೂಕುವಿಕೆಯಲ್ಲಿ ತಡೆಹಿಡಿದ ಉಸಿರು ಹೊರಟುಹೋಗಿ, ಬೇಡವೆಂದರೂ ಎದೆ ಒಳಕ್ಕೆಳೆದುಕೊಂಡಿತು. ಮೂಗಿನಲ್ಲಿ ಹುಳಿ ಚುಚ್ಚಿತು. ಕಿವಿಯಲ್ಲಿ ಗುಂಯ್ ಎಂದಿತು. ಮಂಡಿ ತಾನಾಗಿ ಮಡಿಚಿಕೊಂಡಿತು, ರಾಗಿಯ ಮೇಲೆ ಕೂರುವುದು ಎಷ್ಟು ಹಿತವೆನಿಸಿತು. ಹೀಗೇ ಕೂತುಬಿಡಬೇಕು ಅನಿಸಿದ್ದು ಅವಳಿಗೆ ಆಮೇಲೆ ವರ್ಷಗಟ್ಟಲೆ ಭಯ ಹುಟ್ಟಿಸಿದ ನೆನಪು.

ಕಂಕುಳಿನ ಕೆಳಗೆ ಹಗ್ಗ ಕೊಯ್ದಂತೆ ಬಿಗಿಯಿತು.

ಮತ್ತೆ ಕಣ್ಣು ಬಿಟ್ಟಾಗ ಬೇವಿನ ಎಲೆಗಳು ಕಂಡವು. ಪಾಪಮ್ಮ ಅವಳ ಕೆನ್ನೆಗೆ ಹೊಡೆಯುತ್ತಿದ್ದಳು. ಅನುಸೂಯಮ್ಮ ಅವಳ ಕೈ ತಳ್ಳಿ, ಅಂಬೆಗಾಲಿನಲ್ಲಿ ಮಗನ ಕಡೆ ಹೋದಳು.

ಚನ್ನಕೇಶವನ ತುಟಿ ನೇರಳೆಹಣ್ಣು ತಿಂದವನ ತುಟಿಯಂತಿತ್ತು. ಅಕ್ಕಯಮ್ಮ ಮೊರದಲ್ಲಿ ಬೀಸುತ್ತಿದ್ದರು, ರಾಗಿ ತೂರುವಾಗ ಬೀಸುವ ಹಾಗೆ, ನಿಲ್ಲಿಸದೆ. ಮಾವ ಅವನನ್ನು ತೊಡೆಯ ಮೇಲೆ ಮೊಗಚಿ ಹಾಕಿಕೊಂಡು ಬೆನ್ನು ತಿಕ್ಕುತ್ತಿದ್ದರು. ಅವಳು ಅವನ ಪಕ್ಕೆಗೆ ಕಿವಿಯಿಟ್ಟಳು. ತನ್ನ ರಕ್ತದ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ.

‘ಮಾವ, ಉಸಿರಿಲ್ಲ. ಮಾವ, ಉಸಿರೇ ಇಲ್ಲ.’

‘ಐತೆ. ಸಣ್ಣಗೆ ಐತೆ. ಬೀಸೇ ನೀನು!’

ಹುಡುಗನ ಬೆನ್ನು ಒಮ್ಮೆ ಕುಗ್ಗಿತು. ಮತ್ತೊಮ್ಮೆ. ಆಮೇಲೆ ಉದ್ದಕ್ಕೆ, ಹರಿದ ಬಟ್ಟೆಯಂಥ ಸದ್ದು ಮಾಡುತ್ತ ಅವನು ಗಾಳಿ ಎಳೆದುಕೊಂಡು, ಬೆಳಿಗ್ಗೆ ತಿಂದ ರೊಟ್ಟಿಯನ್ನೆಲ್ಲ ತಾತನ ಪಂಚೆಯ ಮೇಲೆ ಕಾರಿದ. ಅಕ್ಕಯಮ್ಮನ ಕೈಯಿಂದ ಮೊರ ಬಿತ್ತು.

ಬಹಳ ಹೊತ್ತಿನ ಮೇಲೆ ಅವನು ತಾತನನ್ನು ಗುರುತಿಸಿದ. ತಪ್ಪು ಮಾಡಿಲ್ಲವೆಂದು ಹೇಳುವ ಆತುರ ಅವನ ಮುಖದಲ್ಲಿತ್ತು.

‘ದೀಪ ಉರೀತಿತ್ತು ತಾತ. ಮೋಂಬತ್ತಿ ಬಿಟ್ಟು ನೋಡಿದ್ವಿ. ಆರಲಿಲ್ಲ.’

‘ಎಷ್ಟು ಕೆಳಗೆ ಬಿಟ್ಟೆ ಮಗಾ?’

ಪಿಳ್ಳಣ್ಣ ಮರದ ಹಿಂದಿನಿಂದ ಬಂದು ತೋರಿಸಿದ. ಒಂದು ತೆಂಗಿನ ಚಿಪ್ಪು, ಅದರಲ್ಲಿ ಅಂಟಿಸಿದ ಮೋಂಬತ್ತಿ, ಚಿಪ್ಪಿಗೆ ಕಟ್ಟಿದ ಸೆಣಬಿನ ಹುರಿ. ಮುದುಕ ಹುರಿಯನ್ನು ಮೊಳ ಹಾಕಿ ಅಳೆದರು. ಮೂರು ಮೊಳವೂ ಇರಲಿಲ್ಲ. ನಾಲ್ಕು ಅಡಿ. ಕತ್ತು ದಾಟಲೂ ಸಾಲದ ಹುರಿ. ಒಳ್ಳೆಯ ಗಾಳಿ ಅಲ್ಲಿಯವರೆಗೆ ಇತ್ತು, ದೀಪ ಉರಿದಿತ್ತು.

‘ನಾನು ಅರ್ಧ ಹೇಳ್ದೆ,’ ಎಂದರು ದೊಡ್ಡಮುನಿಯಪ್ಪ. ‘ದೀಪ ತಳ ಮುಟ್ಟಬೇಕು ಅಂತ ಹೇಳ್ಲೇ ಇಲ್ಲ. ನಮ್ಮೂರ ಹುಡುಗ್ರಿಗೆ ಹೇಳೋ ಅವಶ್ಯ ಬೀಳಲ್ಲ. ನೋಡ್ಕೊಂಡೇ ಬೆಳೀತವೆ.’

ಚನ್ನಕೇಶವ ಕಣ್ಣು ಮುಚ್ಚುತ್ತಿದ್ದ. ಅಕ್ಕಯಮ್ಮ, ‘ಮಲಗ್ಲಿ ಕಂದ, ದಣಿದವ್ನೆ,’ ಎಂದು ಚಾಪೆ ತರಲು ಹೊರಟರು.

‘ಮಲಗಿಸ್ಬೇಡ!’ ಮುದುಕ ಕಿರಿಚಿದ ರಭಸಕ್ಕೆ ಪಾಪಮ್ಮ ಎರಡು ಹೆಜ್ಜೆ ಹಿಂದೆ ಹೋದಳು. ಅವರು ಸೊಸೆಯನ್ನು ನೋಡಿ ದನಿ ತಗ್ಗಿಸಿದರು. ‘ನನ್ನ ತಮ್ಮನೂ ಹಗೇವಲ್ಲಿ ಸಾಯ್ಲಿಲ್ಲಮ್ಮ. ಮೇಲೆ ಬಂದಾಗ ಉಸಿರಿತ್ತು. ನೀರು ಕುಡಿದ, ಮಾತೂ ಆಡ್ದ. ನಿದ್ದೆ ಬರ್ತದೆ ಅಂದ. ಮಲಗಿಸಿದ್ವಿ. ಎಬ್ಬಿಸಕ್ಕೆ ಹೋದ್ರೆ ಏಳ್ಲಿಲ್ಲ.’

ಅವಳು ಮಗನ ಕೆನ್ನೆ ತಟ್ಟಿ ಎಬ್ಬಿಸಿ ಕೂರಿಸಿದಳು.

ಸೊಣ್ಣಪ್ಪ ಗಾಡಿ ತಿರುಗಿಸಿ ಅಂಗಳಕ್ಕೆ ತಂದದ್ದು ಆಗ. ಹೇರಿದ್ದ ಹುಲ್ಲಿನಲ್ಲಿ ಮುಕ್ಕಾಲು ಪಾಲನ್ನು ಬಾಗಿಲಿಗೇ ಕೆಡವಿದರು. ಉಳಿದ ಹುಲ್ಲಿನ ಮೇಲೆ ಅನುಸೂಯಮ್ಮ ಮಗನನ್ನು ಎದೆಗೆ ಒರಗಿಸಿಕೊಂಡು ಕೂತಳು. ಪಿಳ್ಳಣ್ಣನೂ ಹತ್ತಿದ. ಸೂಲಿಬೆಲೆಯ ಡಾಕ್ಟರು ಎರಡೂವರೆ ಮೈಲಿ.

‘ಮಾತಾಡೋ ಕೇಶವ. ಮಗ್ಗಿ ಹೇಳು. ಹದಿಮೂರರ ಮಗ್ಗಿ.’

‘ಆಮೇಲೆ ಹೇಳ್ತೀನಮ್ಮ.’

‘ಈಗಲೇ ಹೇಳ್ಬೇಕು.’

‘ಹದಿಮೂರೊಂದ್ಲಿ ಹದಿಮೂರು. ಹದಿಮೂರೆರಡ್ಲಿ ಇಪ್ಪತ್ತಾರು...’ ಮಾತು ನಾಲಗೆಯಲ್ಲಿ ತೊಡರುತ್ತಿತ್ತು. ಎತ್ತುಗಳು ಓಡಿದರೆ ಗಾಡಿ ಕುಲುಕುತ್ತಿತ್ತು, ನಡೆದರೆ ಅವನ ತಲೆ ಜೋಲುತ್ತಿತ್ತು. ಮಾವ ಗಾಡಿಯ ಪಕ್ಕದಲ್ಲಿ ಅದರ ಗೂಟ ಹಿಡಿದು ಬರಿಗಾಲಿನಲ್ಲಿ ಓಡುತ್ತಿದ್ದರು. ಹತ್ತಿ ಎಂದರೆ ಎತ್ತಿಗೆ ಭಾರವೆಂದರು.

‘ಹದಿಮೂರಾರ್ಲಿ ಎಪ್ಪತ್ತೆಂಟು. ಹದಿಮೂರೇಳ್ಲಿ...’

ನಿಂತಿತು. ಅವಳು ಅವನ ಗದ್ದ ಹಿಡಿದೆತ್ತಿದಳು. ಕಣ್ಣುಗುಡ್ಡೆ ಮೇಲಕ್ಕೆ ಹೊರಳಿತ್ತು.

‘ಕೇಶವಾ! ಹದಿಮೂರೇಳ್ಲಿ ಎಷ್ಟೋ? ಏಯ್!’

‘ಯಾಕ್ಲಾ ನಿಲ್ಲಿಸ್ದೆ?’ ಎಂದು ಕೆಳಗಿನಿಂದ ಮಾವ ಕೂಗಿದರು. ‘ಮುಂದಕ್ಕೆ ಏನಾಯ್ತದೆ, ಹೇಳ್ಲಾ! ನಂಗೂ ಗೊತ್ತಾಗ್ಲಿ!’

‘ಅಣ್ಣಂಗೆ ಬರಲ್ಲ ತಾತ,’ ಎಂದ ಪಿಳ್ಳಣ್ಣ. ಅವನ ಗಲ್ಲದ ಮೇಲೆ ಕಣ್ಣೀರು ಇಳಿಯುತ್ತಲೇ ಇತ್ತು. ‘ಏಳಕ್ಕೆ ಬಂದ್ರೆ ಯಾವಾಗ್ಲೂ ಮರೀತಾನೆ. ಟೀಚರ್ ಹೊಡೆದಿದಾರೆ.’

ಹುಡುಗನ ಹುಬ್ಬು ಗಂಟಿಕ್ಕಿತು. ‘ಬರತ್ತೆ,’ ಎಂದ. ‘ತೊಂಬತ್ತೊಂದು.’

ಅದು ಸರಿಯೋ ತಪ್ಪೋ ಅನುಸೂಯಮ್ಮನಿಗೆ ಗೊತ್ತಿರಲಿಲ್ಲ. ಅವಳು ಕಲಿತದ್ದು ಹತ್ತರವರೆಗೆ. ‘ಮುಂದೆ,’ ಎಂದಳು. ‘ಮುಂದೆ ಹೇಳು.’ ಹದಿಮೂರು ಮುಗಿಯಿತು, ಹದಿನಾಲ್ಕು ಮುಗಿಯಿತು, ಹದಿನೈದರ ನಡುವೆ ಸೂಲಿಬೆಲೆ ಬಂತು.

ಡಾಕ್ಟರು ಕಣ್ಣುರೆಪ್ಪೆ ಎತ್ತಿ ನೋಡಿದರು, ಎದೆಗೆ ಕೊಳವೆಯಿಟ್ಟು ಬಹಳ ಹೊತ್ತು ಕೇಳಿದರು, ಎಷ್ಟು ನಿಮಿಷ ಒಳಗಿದ್ದನೆಂದು ವಿಚಾರಿಸಿದರು. ನಿಮಿಷದ ಲೆಕ್ಕ ಯಾರಿಗೂ ತಿಳಿದಿರಲಿಲ್ಲ. ‘ಬಚಾವಾದ,’ ಎಂದರು ಕೊನೆಗೆ. ‘ಇವತ್ತು ಇಲ್ಲೇ ಇರಲಿ. ಇನ್ನು ನಿದ್ದೆ ಮಾಡಲಿ ಬಿಡಿ.’

‘ನಿದ್ದೆ ಬೇಡ ಸ್ವಾಮಿ,’ ಎಂದು ಅನುಸೂಯಮ್ಮ ಮಾವನ ತಮ್ಮ ಮಲಗಿದವನು ಏಳದ ಕತೆ ಹೇಳಿದಳು.

‘ಮಾಡಬೇಕಮ್ಮ. ನಿಮ್ಮ ಮಾವನ ತಮ್ಮನ ಕತೆ ಬೇರೆ. ಇವನ ನಾಡಿ ಚೆನ್ನಾಗಿದೆ.’

ಬೆಂಚಿನ ಮೇಲೆ ಕಂಬಳಿ ಹೊದಿಸಿದ ಎರಡು ನಿಮಿಷಕ್ಕೆ ಹುಡುಗ ನಿದ್ದೆ ಹೋದ. ಬಿಸಿಲು ಇಳಿಯುತ್ತಿತ್ತು. ಬೆಂಗಳೂರಿನ ಬಸ್ಸು ಬರಲು ಇನ್ನೂ ಒಂದು ಗಂಟೆಯಿತ್ತು. ಗಂಡನಿಗೆ ಯಾವ ಮಾತಿನಿಂದ ಶುರು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಪಿಳ್ಳಣ್ಣ ಅವಳ ತೊಡೆಯ ಮೇಲೆ ತಲೆಯಿಟ್ಟ. ಅವಳು ಅಂಗೈಯನ್ನು ದೊಡ್ಡವನ ಎದೆಯ ಮೇಲಿಟ್ಟು ಕೂತಳು. ಎದೆ ಏರುತ್ತಿತ್ತು, ಇಳಿಯುತ್ತಿತ್ತು. ಇಳಿದಾಗಲೆಲ್ಲ ಮತ್ತೆ ಏರುತ್ತದೋ ಇಲ್ಲವೋ ಎಂದು ಅವಳ ಉಸಿರೂ ನಿಲ್ಲುತ್ತಿತ್ತು.

ಮಾವ ಒಳಗೆ ಬರಲಿಲ್ಲ. ಬಾಗಿಲ ಹೊರಗೆ ಗೋಡೆಗೆ ಒರಗಿ, ಕುಕ್ಕರಗಾಲಿನಲ್ಲಿ ಬೀದಿಯ ಕಡೆ ಮುಖ ಮಾಡಿ ಕೂತಿದ್ದರು. ಪಂಚೆಯ ಮೇಲಿನ ವಾಂತಿ ಒಣಗಿತ್ತು. ಸ್ವಲ್ಪ ಹೊತ್ತಿನ ಮೇಲೆ, ತಿರುಗಿ ನೋಡದೆ, ಕೇಳಿದರು:

‘ಐತಾ?’

‘ಐತೆ ಮಾವ.’

ದಾರಿಯಲ್ಲಿ ಯಾರದೋ ಎತ್ತಿನಗಾಡಿ ಹೋಯಿತು. ಅದರ ಸದ್ದು ಅಡಗುವವರೆಗೆ ಕಾದು ಅವರು ಮತ್ತೆ ಕೇಳಿದರು.

‘ಐತಾ ತಾಯಿ?’

ಅವಳು ಅಂಗೈಯನ್ನು ಇನ್ನಷ್ಟು ಒತ್ತಿ, ಎದೆ ಏರುವವರೆಗೆ ತಡೆದು, ಆಮೇಲೆ ಹೇಳಿದಳು.

‘ಐತೆ.’